ಗಾದಿ ಕಾಕಾರ ಎಡಗಡೆಯ ಜಾಗ

ಅವರ ಹುಬ್ಬಿನಲ್ಲಿ ಯಾವಾಗಲೂ ಹತ್ತಿ ಸಿಕ್ಕಿಕೊಂಡಿರುತ್ತಿತ್ತು. ಕಿವಿಯ ಕೂದಲಲ್ಲೂ ಇರುತ್ತಿತ್ತು, ಮೀಸೆಯ ತುದಿಯಲ್ಲೂ ಇರುತ್ತಿತ್ತು, ಆದರೆ ಹುಬ್ಬಿನದು ಎದ್ದು ಕಾಣುತ್ತಿತ್ತು. ಅರವತ್ತು ದಾಟಿದರೂ ಆ ಹುಬ್ಬು ಕಾಡಿಗೆ ಬಳಿದಷ್ಟು ಕಪ್ಪು. ಅದರ ಕೆಳಗೆ ನಿದ್ದೆಗಣ್ಣು. ಮೈ ನೋಡಿದರೆ ಎತ್ತು. ಇಷ್ಟು ದೊಡ್ಡ ಮನುಷ್ಯ ನಡೆದು ಬಂದು ನಮ್ಮ ಬೆನ್ನ ಹಿಂದೆ ನಿಂತರೂ ಗೊತ್ತಾಗುತ್ತಿರಲಿಲ್ಲ. ಬಿರುಕು ಬಿಟ್ಟ ಆ ಹಿಮ್ಮಡಿ ಅಷ್ಟು ಮೆತ್ತಗೆ ನೆಲಕ್ಕೆ ಬೀಳುತ್ತಿತ್ತು.

ಊರಿಗೆಲ್ಲ ಅವರು ಗಾದಿ ಕಾಕಾ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಹಾದಿಯ ಮೇಲಿರುವ ನಮ್ಮೂರಿನಲ್ಲಿ ಹತ್ತಿ ಹಿಂಜಿ ಗಾದಿ, ತಲೆದಿಂಬು ಮಾಡಿಕೊಡುವುದು ಅವರ ಕಸುಬು. ಮೊಹರಮ್ಮಿನ ಹತ್ತು ದಿನ ಮಾತ್ರ ಅಂಗಡಿ ಮುಚ್ಚಿ ಹೆಜ್ಜೆ ಮೇಳದ ಮುಂದೆ ನಿಲ್ಲುತ್ತಿದ್ದರು. ಹೆಜ್ಜೆ ಮೇಳ ಎಂದರೆ ಗಂಡಸರ ಕುಣಿತ. ಕಾಲಿಗೆ ಗೆಜ್ಜೆ, ಕೈಯಲ್ಲಿ ದಸ್ತಿ ಎಂಬ ಕರವಸ್ತ್ರ, ಹಲಗೆಯ ಬಡಿತಕ್ಕೆ ಇಬ್ಬಿಬ್ಬರು ಜೋಡಿಯಾಗಿ ಸುತ್ತು ಕಟ್ಟಬೇಕು. ನಮ್ಮ ಕಡೆ ಇದರಲ್ಲಿ ಹಿಂದೂ, ಮುಸಲ್ಮಾನ ಅಂತೇನಿಲ್ಲ, ಹರಕೆ ಹೊತ್ತವರೆಲ್ಲ ಬರಿಗಾಲಲ್ಲಿ ಕುಣಿಯುತ್ತಾರೆ.

ಅವರ ಬಗ್ಗೆ ಬರೆಯಲು ಕುಳಿತರೆ ನನಗೆ ಮೊದಲು ಬರುವುದು ಹೇಸಿಗೆ. ಅವರ ಮೇಲಲ್ಲ. ನಮ್ಮೂರ ಗಂಡಸರ ಮೇಲೆ, ಆಮೇಲೆ ನಾನು ಹೋಗಿ ಸೇರಿಕೊಂಡ ಪಟ್ಟಣದ ಸಭ್ಯರ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಈ ಹಾಳು ನಾಲಿಗೆಯ ಮೇಲೆ. ಬೆಲ್ಲ ಹಚ್ಚಿ ಬರೆಯುವವರು ಬೇರೆ ಇದ್ದಾರೆ, ಅವರು ಬರೆದುಕೊಳ್ಳಲಿ.

ನಾನು ಹತ್ತನೇ ಇಯತ್ತೆಯಲ್ಲಿದ್ದಾಗ ನನ್ನ ನಡಿಗೆ ಊರಿಗೊಂದು ತಮಾಷೆಯಾಗಿತ್ತು. ಸೊಂಟ ಅಲ್ಲಾಡುತ್ತದಂತೆ, ಕೈ ಬಳುಕುತ್ತದಂತೆ. ಸಾಲೆಯ ಹುಡುಗರು 'ಹೆಣ್ಣಿಗ' ಎಂದು ಕೂಗುವುದು ಇರಲಿ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಗುಟ್ಕಾ ಉಗುಳುವ ಹಿರಿಯರೂ ಹಾಗೇ ಕರೆಯುತ್ತಿದ್ದರು. ಕರೆದು ಹಲ್ಲು ಕಿಸಿಯುತ್ತಿದ್ದರು. ಆ ಕೆಂಪು ಹಲ್ಲುಗಳು ಈಗಲೂ ನನ್ನ ಕಣ್ಣ ಮುಂದಿವೆ. ಅವರಲ್ಲಿ ಇಬ್ಬರು, ಯಾರೂ ಇಲ್ಲದಾಗ ಕೈ ಎಲ್ಲಿಗೆ ತರುತ್ತಿದ್ದರೆಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಗಂಡಸುತನದ ಬಗ್ಗೆ ಊರಿಗೆಲ್ಲ ಪಾಠ ಹೇಳುತ್ತಿದ್ದವರು ಅವರೇ.

ಅಪ್ಪನಿಗೆ ತಲೆ ಎತ್ತಿ ಓಡಾಡುವುದು ಕಷ್ಟವಾಯಿತು. ಒಂದು ದಿನ ಮಧ್ಯಾಹ್ನ ನನ್ನ ರೆಟ್ಟೆ ಹಿಡಿದು ಗಾದಿ ಕಾಕಾರ ಅಂಗಡಿಗೆ ಕರೆದೊಯ್ದ. ಕಾಕಾ ಬಿಲ್ಲಿನ ತಂತಿ ಮೀಟಿ ಹತ್ತಿ ಹಿಂಜುತ್ತಿದ್ದರು. ಒಳಗೆ ಕಾಕು, ಅಂದರೆ ಅವರ ಹೆಂಡತಿ, ದಬ್ಬಣ ಹಿಡಿದು ಗಾದಿ ಹೊಲಿಯುತ್ತ ಕುಳಿತಿದ್ದರು.

"ಇವನ್ನ ಮ್ಯಾಳದಾಗ ಹಾಕ್ಕೊಳ್ರಿ ಕಾಕಾ. ಒಂದೀಟು ಗಂಡಸ ಆಗ್ಲಿ" ಎಂದ ಅಪ್ಪ.

ಕಾಕಾ ನನ್ನನ್ನು ಬಾಗಿಲಿನಿಂದ ಎದುರಿನ ಬೇವಿನ ಗಿಡದವರೆಗೆ ನಡೆಸಿದರು. ತಿರುಗಿ ಬರಲು ಹೇಳಿದರು. ಇನ್ನೊಮ್ಮೆ ನಡೆಸಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

"ಇವನ ನಡಗಿಗೆ ಏನಾಗೇತಿ? ಸದ್ದ ಇಲ್ಲ, ಚಲೋ ಐತಿ. ನಮ್ಮಲ್ಲಿ ಹದಿನಾರ ಮಂದಿ ಅದಾರ, ಎಲ್ಲಾರೂ ಕ್ವಾಣ ತುಳದಂಗ ತುಳೀತಾರ. ನಾಳೆಯಿಂದ ಕಳಸ್ರಿ."

"ಅಲ್ರಿ, ನಾ ಅಂದದ್ದು ಸ್ವಲ್ಪ ಎದಿ ಗಿದಿ ಉಬ್ಬಿಸಿ..."

"ಎದಿ ತುಗೊಂಡು ಏನ ಮಾಡೂದ್ರಿ? ಕುಣಿಯೂದು ಕಾಲು."

ಅಪ್ಪನಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಮನೆಗೆ ಬಂದು ಅವ್ವನಿಗೆ, ಕಾಕಾ ಒಪ್ಪಿಕೊಂಡಿದ್ದಾರೆ, ಆರು ತಿಂಗಳಲ್ಲಿ ಹುಡುಗ ಸರಿಯಾಗುತ್ತಾನೆ ಎಂದ. ನಾನು ಸರಿಯಾಗಲಿಲ್ಲ. ಕುಣಿಯಲು ಕಲಿತೆ.

ಹತ್ತಿಯ ಬೀಜ ಬಿಡಿಸುವ ಹಳೆಯ ಗಿರಣಿ, ನಮ್ಮೂರ ಬಾಯಲ್ಲಿ ಜಿನ್ನು, ಅದರ ಹಿಂದಿನ ಬಯಲಿನಲ್ಲಿ ಸಂಜೆಯ ನಮಾಜಿನೊಳಗೆ ತಾಲೀಮು ಮುಗಿಯಬೇಕು. ಕಾಕಾ ಕಲಿಸುವ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನೆಲದ ಮೇಲೆ ಹಳೆಯ ಜಮಖಾನೆ ಹಾಸಿ, ಅದರ ಮೇಲೆ ಹಿಂಜಿದ ಹತ್ತಿಯನ್ನು ತೆಳ್ಳಗೆ ಹರಡುತ್ತಿದ್ದರು. ಅದರ ಮೇಲೆ ಹೆಜ್ಜೆ ಹಾಕಬೇಕು. ಹತ್ತಿ ಹಾರಿದರೆ ಹೆಜ್ಜೆ ತಪ್ಪು. ಒಂದು, ಎರಡು ಎಂದು ಎಣಿಸುವ ರೂಢಿ ಅವರಿಗಿರಲಿಲ್ಲ. "ಇಡು" ಎನ್ನುತ್ತಿದ್ದರು, ಸ್ವಲ್ಪ ತಡೆದು "ಬಿಡು" ಎನ್ನುತ್ತಿದ್ದರು, ಅಷ್ಟೇ. ಎದೆ ಉಬ್ಬಿಸಿ ಬಂದ ಪೈಲ್ವಾನರೆಲ್ಲ ಆ ಜಮಖಾನೆಯ ಮೇಲೆ ಕಾಲಿಟ್ಟ ಕೂಡಲೇ ಹತ್ತಿ ಎದ್ದು ಅವರ ಮೂಗಿಗೇ ಹೋಗಿ ಸೀನುತ್ತಿದ್ದರು. ನನ್ನ ಕಾಲ ಕೆಳಗೆ ಅದು ಅಲ್ಲಾಡುತ್ತಿರಲಿಲ್ಲ. ನನ್ನ ಕಾಲನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ತಾಲೀಮಿನಲ್ಲಿ ಯಾವನಾದರೂ ನನ್ನನ್ನು ಹೆಣ್ಣಿಗ ಎಂದರೆ ಕಾಕಾ ಬೈಯುತ್ತಿರಲಿಲ್ಲ. ಅವತ್ತಿಗೆ ಅವನನ್ನೇ ನನಗೆ ಜೋಡಿ ಮಾಡಿ ನಿಲ್ಲಿಸುತ್ತಿದ್ದರು. ಜೋಡಿ ಎಂದರೆ ಒಬ್ಬರ ಕಣ್ಣನ್ನೊಬ್ಬರು ನೋಡುತ್ತ ಸುತ್ತಬೇಕು, ಬೇರೆ ಕಡೆ ನೋಡಿದರೆ ತಾಳ ಹೋಗುತ್ತದೆ. ಅಷ್ಟು ಹೊತ್ತು ನನ್ನ ಕಣ್ಣು ನೋಡಿದವನಿಗೆ ಆಮೇಲೆ ಆ ಮಾತು ಸುಲಭವಾಗಿ ಬಾಯಿಗೆ ಬರುತ್ತಿರಲಿಲ್ಲ.

ಕಾಕಾರ ಜೋಡಿ ಪಕ್ಕದ ಊರು ಜಕ್ಕಲಿಯವರು. ಅಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಲಿಂಗಾಯತ ಮನುಷ್ಯ, ಕಡ್ಡಿಯಂತೆ ತೆಳ್ಳಗೆ, ಕಾಕಾರಿಗಿಂತ ಒಂದು ಗೇಣು ಎತ್ತರ, ಮಾತು ಭಾಳ. ಹತ್ತೂ ದಿನ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಮೇಳದಲ್ಲಿ ಕಾಕಾರ ಎಡಗಡೆಯ ಜಾಗ ಅವರದು. ಇಬ್ಬರೂ ಮೀಸೆ ಮೂಡುವ ಮೊದಲೇ ಜೊತೆಗೆ ಕುಣಿಯಲು ಹತ್ತಿದ್ದರಂತೆ. ಇಬ್ಬರಿಗೂ ಮದುವೆಯಾಗಿ ಮಕ್ಕಳು ಮರಿಯಾದರೂ ಆ ಜಾಗ ಬದಲಾಗಿರಲಿಲ್ಲ.

ಹೊಲದ ಹಾದಿಯಲ್ಲಿ ಬರಿಗಾಲಲ್ಲಿ ಊರೂರು ತಿರುಗುವಾಗ ನೆಗ್ಗಿಲ ಮುಳ್ಳು ಯಾರನ್ನೂ ಬಿಡುವುದಿಲ್ಲ. ಮಸೂತಿಯ ನೆರಳಿಗೆ ಬಂದು ಎಲ್ಲರೂ ಶರಬತ್ತು ಕುಡಿಯುವಾಗ, ಜಕ್ಕಲಿಯವರು ಗೋಡೆಗೆ ಒರಗಿ ಕುಳಿತು ಕಾಲು ಚಾಚುತ್ತಿದ್ದರು. ಕಾಕಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಗಾದಿ ಹೊಲಿಯುವ ದಬ್ಬಣದಿಂದ ಮುಳ್ಳು ತೆಗೆಯುತ್ತಿದ್ದರು. ಅವಸರವಿಲ್ಲ. ತೆಗೆದ ಮೇಲೆ ಬಾಯಿಂದ ಊದುತ್ತಿದ್ದರು, ಹೆಬ್ಬೆರಳಿನಿಂದ ಎಣ್ಣೆ ಸವರುತ್ತಿದ್ದರು. ಜಕ್ಕಲಿಯವರು ಮಾತ್ರ ಮಾತು ನಿಲ್ಲಿಸುತ್ತಿರಲಿಲ್ಲ. "ಮೆಲ್ಲಕೋ ಮಾರಾಯಾ, ಅದು ಕಾಲೈತಿ, ಗಾದಿ ಅಲ್ಲ" ಎನ್ನುತ್ತಿದ್ದರು. ಹಾಡಹಗಲು, ಐವತ್ತು ಮಂದಿಯ ನಡುವೆ. ಯಾರೂ ತಿರುಗಿ ನೋಡುತ್ತಿರಲಿಲ್ಲ.

ನಾನು ನೋಡುತ್ತಿದ್ದೆ. ಆಗ ನನಗೆ ಹದಿನೇಳು ವರ್ಷ. ನಾನು ಏನು ಎಂಬುದು ನನಗೆ ಗೊತ್ತಾಗಿಬಿಟ್ಟಿತ್ತು, ಹೇಗೆ ಬದುಕುವುದು ಎಂಬುದು ಗೊತ್ತಿರಲಿಲ್ಲ. ಜಿನ್ನಿನ ಬಾವಿಯ ದಂಡೆಗೆ ಹೋಗಿ ಕುಳಿತು ಒಳಗೆ ನೋಡಿ ಎದ್ದು ಬಂದ ದಿನಗಳೂ ಇವೆ. ಒಬ್ಬ ಗಂಡಸು ಇನ್ನೊಬ್ಬ ಗಂಡಸಿನ ಅಂಗಾಲನ್ನು ಅಷ್ಟು ಪ್ರೀತಿಯಿಂದ ಹಿಡಿದದ್ದನ್ನು ಆ ನೆರಳಿನಲ್ಲಿ ನೋಡಿದ ಮೇಲೆ ನಾನು ಬಾವಿಯ ಕಡೆ ಹೋಗಲಿಲ್ಲ. ನನ್ನ ಜೀವ ಉಳಿದದ್ದು ಹೀಗೆ. ಇದಕ್ಕಿಂತ ದೊಡ್ಡ ಋಣ ನನ್ನ ಮೇಲೆ ಯಾರದೂ ಇಲ್ಲ.

ನಾನು ಧಾರವಾಡದಲ್ಲಿ ಕಾಲೇಜು ಓದುವಾಗ ಜಕ್ಕಲಿಯವರು ತೀರಿಕೊಂಡರು. ಪಂಕ್ಚರ್ ಹಾಕುತ್ತ ಕುಳಿತಲ್ಲೇ ಒರಗಿದರಂತೆ. ಆ ವರ್ಷದ ಮೊಹರಮ್ಮಿಗೆ ಊರಿಗೆ ಬಂದಾಗ ನೋಡಿದರೆ ಕಾಕಾರ ಎಡಗಡೆ ಖಾಲಿ. ಹಿರಿಯರು ಬೇರೆಯವರನ್ನು ನಿಲ್ಲಿಸಲು ನೋಡಿದ್ದರು. "ಇರ್ಲಿ ಬಿಡ್ರಿ, ಅಲ್ಲೀಟು ಗಾಳಿ ಆಡ್ಲಿ" ಎಂದಿದ್ದರಂತೆ ಕಾಕಾ. ಅಲ್ಲಿಂದ ಮುಂದೆ ಪ್ರತಿ ವರ್ಷ ಒಬ್ಬರೇ ಕುಣಿದರು, ಪಕ್ಕದಲ್ಲಿ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಬಿಟ್ಟುಕೊಂಡು. ಊರು ಅದನ್ನು ಹರಕೆ ಎಂದುಕೊಂಡು ಸುಮ್ಮನಾಯಿತು.

ನಾನು ಕಾಲೇಜು ಮುಗಿಸಿ ಬೆಂಗಳೂರಿನ ಒಂದು ಸಮಕಾಲೀನ ನೃತ್ಯದ ತಂಡ ಸೇರಿದೆ. ಅಲ್ಲಿಯ ಗುರುಗಳು ಮೊದಲ ದಿನ, ಮೈಯ ಭಾರವನ್ನು ನೆಲಕ್ಕೆ ಒಪ್ಪಿಸುವುದು ಹೇಗೆಂದು ಗಂಟೆಗಟ್ಟಲೆ ವಿವರಿಸಿದರು. ನನಗೆ ನಗು ಬಂತು. ಅದನ್ನು ನಾನು ಹತ್ತಿಯ ಮೇಲೆ ಕಲಿತು ಬಂದಿದ್ದೆ. ನಾನು ಏನೆಂಬುದನ್ನು ಬಾಯಿಬಿಟ್ಟು ಹೇಳಿದರೂ ಅಲ್ಲಿ ಯಾರೂ ಉಗುಳಲಿಲ್ಲ, ಆ ಉಪಕಾರ ಸುಳ್ಳಲ್ಲ. ಆದರೆ ಆ ಮಂದಿಯ ಬಾಯಿಗೆ ಯಾವಾಗಲೂ ಏನಾದರೊಂದು ಬೇಕು. ಹಾಲಿಲ್ಲದ ಕಾಫಿ ಹೀರುತ್ತ ಗಂಡಸುತನವನ್ನು ಒಡೆಯಬೇಕು, ಕಟ್ಟಬೇಕು, ಪ್ರಶ್ನಿಸಬೇಕು ಎನ್ನುತ್ತಿದ್ದರು. ಹಳ್ಳಿಯಿಂದ ಬಂದವನ ಗಾಯ ಎಷ್ಟು ಆಳ ಎಂದು ಇಣುಕಿ ನೋಡುವ ಚಪಲ ಅವರಿಗೆ. ತೋರಿಸುವ ಚಪಲ ನನಗೂ ಹತ್ತಿತು.

ನಾನೊಂದು ಕುಣಿತ ಕಟ್ಟಿದೆ. ಇಬ್ಬರು ಗಂಡಸರು, ನಾನು ಮತ್ತು ಆಗ ನನ್ನ ಜೊತೆಗಿದ್ದ ಗೆಳೆಯ. ವೇದಿಕೆಯ ತುಂಬ ಹಿಂಜಿದ ಹತ್ತಿ. ಹೆಜ್ಜೆ ಮೇಳದ ಸುತ್ತುಗಳನ್ನೇ ಬಿಚ್ಚಿ, ನಿಧಾನ ಮಾಡಿ, ಬೇರೆ ರೀತಿ ಹೆಣೆದಿದ್ದೆ. ಕೊನೆಯಲ್ಲಿ ನಾನು ಕಾಲು ಚಾಚುತ್ತೇನೆ, ಅವನು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ, ದೀಪ ಆರುತ್ತದೆ. ಕುಣಿತ ಚೆನ್ನಾಗಿಯೇ ಇತ್ತು, ಅದನ್ನು ಈಗಲೂ ಹೇಳುತ್ತೇನೆ. ಅಲ್ಲಿಗೇ ಮನೆಗೆ ಹೋಗಿದ್ದರೆ ಆಗುತ್ತಿತ್ತು.

ಪ್ರದರ್ಶನದ ನಂತರ ಸಂವಾದ ಅಂತ ಒಂದಿರುತ್ತದೆ. ನೋಡಿದವರು ಕೇಳುವುದು, ಕುಣಿದವರು ಬೆವರು ಒರೆಸಿಕೊಳ್ಳುತ್ತ ಹೇಳುವುದು. ಒಬ್ಬ ಹೆಂಗಸು ಕಣ್ಣಲ್ಲಿ ನೀರು ತುಂಬಿಕೊಂಡು ಮೈಕು ಹಿಡಿದು ಕೇಳಿದರು, ಆ ಕೊನೆಯ ದೃಶ್ಯ ಎಲ್ಲಿಂದ ಬಂತು ಎಂದು. ಊರಿನಿಂದ ಬಂತು ಎಂದರೆ ಮುಗಿಯುತ್ತಿತ್ತು. ನಾನು ಎಲ್ಲ ಹೇಳಿದೆ. ತಾಲ್ಲೂಕು ಹೇಳಿದೆ, ಗಾದಿ ಅಂಗಡಿ ಹೇಳಿದೆ, ಜಕ್ಕಲಿಯ ಸೈಕಲ್ ರಿಪೇರಿ ಹೇಳಿದೆ, ಖಾಲಿ ಜಾಗ ಹೇಳಿದೆ. ಕೊನೆಗೆ, "ಅವರಿಬ್ಬರೂ ಪ್ರೇಮಿಗಳಾಗಿದ್ದರು, ನಮ್ಮೂರು ನಲವತ್ತು ವರ್ಷ ಕಣ್ಣು ಮುಚ್ಚಿಕೊಂಡಿತ್ತು" ಎಂದೆ. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನನಗೇನು ಗೊತ್ತಿತ್ತು? ತೊಡೆಯ ಮೇಲೆ ಒಂದು ಕಾಲು ಕಂಡಿದ್ದೆ. ಉಳಿದದ್ದೆಲ್ಲ ಕಟ್ಟಿಕೊಂಡದ್ದು. ಆದರೆ ಆ ಚಪ್ಪಾಳೆಯ ನಡುವೆ ನಿಂತವನು ಎಷ್ಟು ಎತ್ತರವಾಗಿಬಿಟ್ಟಿದ್ದೆನೆಂದರೆ, ಆ ಮುಖವನ್ನು ಈಗ ಮೊಬೈಲಿನಲ್ಲಿ ನೋಡಿದರೆ ನನಗೇ ವಾಕರಿಕೆ ಬರುತ್ತದೆ. ಸಂಘಟಕರು ಆ ಮಾತನ್ನು ಕತ್ತರಿಸಿ, ಕೆಳಗೆ ಅಕ್ಷರ ಹಚ್ಚಿ ಎಲ್ಲೆಡೆ ಹಾಕಿದರು. ನಾನೂ ಹಂಚಿಕೊಂಡೆ.

ಎಂಟು ದಿನಕ್ಕೆ ಅಕ್ಕ ಊರಿನಿಂದ ಫೋನು ಮಾಡಿದಳು. "ಏನ ಮಾತಾಡೀಯೋ ಅಲ್ಲಿ ನಿಂತು? ಪ್ರತಿಯೊಬ್ಬರ ಮೊಬೈಲ್‌ನ್ಯಾಗೂ ನೀನ ಅದಿ. ನಿನ್ನ ಮಾತು ಬಿಡು, ನೀ ಅಲ್ಲಿ ಇರ್ತಿ. ಆ ಮುದುಕ ಇಲ್ಲಿರತಾನ."

ಮುಂದೆ ಆದದ್ದನ್ನು ಬರೆಯಲು ಕೈ ಹೇಸುತ್ತದೆ. ನಲವತ್ತು ವರ್ಷ ಮಸೂತಿಯ ನೆರಳಿನಲ್ಲಿ ಶರಬತ್ತು ಕುಡಿಯುತ್ತ ನೋಡಿಯೂ ಏನೂ ಕಾಣದಿದ್ದ ಗಂಡಸರಿಗೆ ಈಗ ಎಲ್ಲ ಕಾಣತೊಡಗಿತು. ಅಂಗಡಿಯ ಬಾಗಿಲಿಗೆ ಇದ್ದಿಲಿನಲ್ಲಿ ಹೊಲಸು ಚಿತ್ರ ಬರೆದರು. ಮಗಳ ಮದುವೆಗೆಂದು ಗಾದಿ ಹೇಳಿಹೋದವರು, ಬೇಡ, ಗದಗದಿಂದ ತರಿಸುತ್ತೇವೆ ಎಂದು ಹೇಳಿ ಕಳಿಸಿದರು. ಮೊದಲ ರಾತ್ರಿಯ ಹಾಸಿಗೆಗೆ ಆ ಕೈ ತಾಗಬಾರದಂತೆ. ಹೀಗೆಂದವರಲ್ಲಿ ನನಗೆ ಕೈ ಹಾಕಿದ ಆ ಇಬ್ಬರಲ್ಲಿ ಒಬ್ಬನೂ ಇದ್ದ. ಮೇಳದ ತಾಲೀಮಿನಲ್ಲಿ ಜೋಡಿಗಳ ನಡುವೆ ಒಂದು ಎಮ್ಮೆ ಹಾಯುವಷ್ಟು ಜಾಗ ಬಿತ್ತು. ಕಣ್ಣು ನೋಡುವುದು ನಿಂತಿತು. ಇನ್ನೊಬ್ಬನ ಕಾಲಿನ ಮುಳ್ಳು ತೆಗೆಯುವ ಗಂಡಸು ಆ ವರ್ಷದಿಂದ ನಮ್ಮೂರಲ್ಲಿ ಇಲ್ಲ.

ಮೇಳಕ್ಕೊಂದು ಕಮಿಟಿ ಇತ್ತು. ಅದರ ಮುಖಂಡ ಮೊಬೈಲ್ ಅಂಗಡಿಯವನು, ನನ್ನ ವಾರಿಗೆಯವನು. ಜಿಮ್ಮಿಗೆ ಹೋಗಿ ತೋಳು ಬೆಳೆಸಿ, ಆ ತೋಳು ಕಾಣಲೆಂದೇ ಬಿಗಿ ಅಂಗಿ ತೊಡುತ್ತಿದ್ದ. ಇವನೂ ಆ ಜಮಖಾನೆಯ ಮೇಲೆ ಸೀನಿ ಸೀನಿ ಕಲಿತವನೇ. ಹಿರಿಯರನ್ನು ಕರೆದುಕೊಂಡು ಕಾಕಾರ ಮನೆಗೆ ಹೋಗಿ, ಮಸೂತಿಯ ಮುಂದೆ ನಿಂತು 'ಆ ಹುಡುಗ ಹೇಳಿದ್ದು ಸುಳ್ಳು' ಎಂದು ಒಂದು ಮಾತು ಹೇಳಿದರೆ ಸಾಕು, ಎಲ್ಲ ಮುಗಿಯುತ್ತದೆ, ಇಲ್ಲವಾದರೆ ಈ ವರ್ಷ ಮನೆಯಲ್ಲೇ ಕುಳಿತುಕೊಳ್ಳಿ ಎಂದ. ಕಾಕಾ ಒಳಗೆ ಹೋಗಿ ಮುಂದಾಳಿನ ದಸ್ತಿ ತಂದು ಅವನ ಕೈಗಿಟ್ಟರಂತೆ.

ಮೇಳದ ಮುಂದೆ ನಿಲ್ಲುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಹೆಮ್ಮೆ ಇರಲಿಲ್ಲ. ಅದನ್ನು ನಾನು ಕಿತ್ತುಕೊಂಡಿದ್ದೆ. ಅಕ್ಕನಿಂದ ಇದನ್ನು ಕೇಳಿದ ಮರುದಿನವೇ ಬಸ್ಸು ಹತ್ತಿದೆ.

ಕಾಕಾ ಅಂಗಡಿಯಲ್ಲೇ ಇದ್ದರು. ಕೆಲಸವಿರಲಿಲ್ಲ, ಹಿಂಜಿದ ಹತ್ತಿಯನ್ನೇ ಮತ್ತೆ ಹಿಂಜುತ್ತಿದ್ದರು. ಕಾಕು ಒಳಗಿನಿಂದ ಚಹಾ ತಂದಿಟ್ಟು ಹೋದರು.

"ತಪ್ಪಾತ್ರಿ ಕಾಕಾ" ಎಂದೆ.

"ನೀ ಕುಣದದ್ದು ನೋಡಿನಿ. ಮೊಮ್ಮಗಳು ತೋರಿಸಿದ್ಲು. ಎರಡನೇ ಸುತ್ತಿನ್ಯಾಗ ಬಲಗಾಲ ತಡಾ ಆತು." ತಂತಿ ಮೀಟುತ್ತಲೇ ಇದ್ದರು. "ಕುಣದಿ, ಚಲೋ ಆತು. ಆಮ್ಯಾಲೆ ಬಾಯಿ ಯಾಕ ತಗದಿ?"

"ಮಂದಿ ಕೇಳಿದ್ರಿ."

"ಮಂದಿ ನಿನ್ನ ಕೇಳಿದ್ರು. ನೀ ನನ್ನ ಕೇಳಿದ್ಯೇನು?"

ಬಸ್ಸಿನಲ್ಲಿ ಕುಳಿತು ಯೋಚಿಸಿಕೊಂಡು ಬಂದದ್ದನ್ನು ಹೇಳಿದೆ: "ನಾ ಹೇಳಿದ್ದು ಸುಳ್ಳು ಅಂತ ನಾನ ಹೇಳ್ತೀನ್ರಿ. ವಿಡಿಯೋ ಮಾಡಿ ಹಾಕ್ತೀನಿ. ನೀವು ಏನೂ ಮಾತಾಡೂದು ಬ್ಯಾಡ, ಎಲ್ಲಾ ನನ್ನ ಮ್ಯಾಲ ಬರ್ಲಿ."

ಬಿಲ್ಲು ನಿಂತಿತು. "ಹಂಗೇನರ ಮಾಡಿದ್ರ ಮತ್ತ ಈ ಬಾಗ್ಲಾ ತುಳಿಬ್ಯಾಡ."

"ಹಂಗಾರ ಅದು ಖರೇ ಏನ್ರಿ?" ಎಂದೆ. ಇಷ್ಟಾದ ಮೇಲೂ ನನ್ನ ಬಾಯಿಯಿಂದ ಬಂದದ್ದು ಇದೇ ಪ್ರಶ್ನೆ.

ಕಾಕಾ ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯಲಾರೆ. ಸಿಟ್ಟಲ್ಲ, ಅಸಹ್ಯ. "ಅವರೂ ಅದನ್ನ ಕೇಳ್ತಾರ, ನೀನೂ ಅದನ್ನ ಕೇಳ್ತಿ. ಖರೇ ಅಂತ ನಾ ಅಂದ್ನೇನು? ಖರೇ ಅಲ್ಲ ಅಂತ ಅಂದ್ನೇನು? ಅದು ನಂದು. ಅಂವ ನನಗ ಯಾರೂ ಅಲ್ಲ ಅಂತ ಮಸೂತಿ ಮುಂದ ನಿಂತು ನಾ ಹ್ಯಾಂಗ ಹೇಳ್ಲಿ? ಮಣ್ಣಾಗ ಹೋದಾನಂವ. ನಾಳೆ ಅಲ್ಲಿ ಸಿಕ್ಕು ಕೇಳಿದ್ರ ನಾ ಏನ ಹೇಳ್ಲಿ ಅವಗ?" ಆಮೇಲೆ ಮತ್ತೆ ಬಿಲ್ಲು ಕೈಗೆತ್ತಿಕೊಂಡು, "ಚಾ ಕುಡದು ಹೋಗು" ಎಂದರು.

ಅದಾಗಿ ಎರಡು ವಾರಕ್ಕೆ ಮೊಹರಮ್ಮಿನ ಕೊನೆಯ ದಿನ ಬಂತು. ದೇವರು, ಅಂದರೆ ಮಸೂತಿಯಲ್ಲಿ ಕೂರಿಸಿದ ಪಂಜಾಗಳು, ಹಳ್ಳಕ್ಕೆ ಹೋಗುವ ಹೊತ್ತು, ನೆತ್ತಿಯ ಮೇಲೆ ಬಿಸಿಲು. ಕಾಕಾರ ಮನೆಯ ಮುಂದೆ ರಸ್ತೆ ಹಳ್ಳದ ಕಡೆ ತಿರುಗುತ್ತದೆ. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಎದುರಿನ ಕಿರಾಣಿ ಅಂಗಡಿಯ ಗೋಡೆಗೆ ಒರಗಿ ನಿಂತಿದ್ದೆ. ಮೇಳ ಬಂತು. ಮುಂದೆ ಆ ತೋಳಿನ ಗಂಡಸು, ಧೂಳೆಬ್ಬಿಸುತ್ತ ತುಳಿಯುತ್ತಿದ್ದ. ಕಾಕಾರನ್ನು ಕಂಡು ಕೈ ಎತ್ತಿ ಹಲಗೆ ನಿಲ್ಲಿಸಿದ.

"ಕಾಕಾ, ಇನ್ನೂ ಹೊತ್ತ ಮೀರಿಲ್ಲ" ಎಂದ, ಊರಿಗೆಲ್ಲ ಕೇಳುವಂತೆ. "ಆ ಹುಡುಗ ಸುಳ್ಳ ಹೇಳ್ಯಾನ ಅಂತ ಒಂದ ಮಾತ ಅನ್ರಿ. ಬಂದು ನಿಮ್ಮ ಜಾಗಾದಾಗ ನಿಂದರ್ರಿ. ನಾವೇನು ನಿಮಗ ವೈರಿ ಅಲ್ಲ."

ದೇವರ ಡೋಲಿ ಹೊತ್ತವರು, ಊದು ಹಾಕುವವರು, ಮಾಳಿಗೆಯ ಮೇಲಿನ ಹೆಂಗಸರು, ಎಲ್ಲರೂ ಕಾಕಾರನ್ನೇ ನೋಡುತ್ತಿದ್ದರು. ಅವರು ಎದ್ದು ಒಳಗೆ ಹೋದರು. ಹೋದರು, ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಗೆಜ್ಜೆ ಕಟ್ಟಿಕೊಂಡು ಹೊರಗೆ ಬಂದರು. ಮೆಟ್ಟಿಲಿಳಿದು ರಸ್ತೆಯ ನಡುವೆ, ಮುಖಂಡನಿಗಿಂತ ಎರಡು ಮಾರು ಮುಂದೆ ಬಂದು ನಿಂತರು. ಹಲಗೆಯ ಮುದುಕನತ್ತ ಗದ್ದ ಎತ್ತಿದರು, ಅಷ್ಟೇ. ಮುದುಕ ಮುಖಂಡನ ಮುಖ ನೋಡಿದ, ಕಾಕಾರ ಮುಖ ನೋಡಿದ, ಬಡಿದ.

ಕಾಕಾ ಜೋಡಿ ಹೆಜ್ಜೆ ಕುಣಿದರು. ಒಬ್ಬರಿಂದಲೇ ಕುಣಿಯಲಾಗದ ಹೆಜ್ಜೆ ಅದು. ದಸ್ತಿಯ ತುದಿಯನ್ನು ಎಡಕ್ಕೆ ಚಾಚುತ್ತಿದ್ದರು, ಯಾರೋ ಹಿಡಿಯುವಷ್ಟು ಹೊತ್ತು ಕಾದು ಸುತ್ತುತ್ತಿದ್ದರು. ಕಣ್ಣು ಸ್ವಲ್ಪ ಮೇಲಕ್ಕೆ, ತನಗಿಂತ ಗೇಣೆತ್ತರದವನ ಮುಖ ನೋಡುವಂತೆ. ಅಷ್ಟು ದೊಡ್ಡ ಮೈ, ಆ ಒಣ ಮಣ್ಣಿನಲ್ಲಿ ಧೂಳೇಳಲಿಲ್ಲ. ಸುಳ್ಳು ಎಂದೂ ಅನ್ನಲಿಲ್ಲ, ಖರೇ ಎಂದೂ ಅನ್ನಲಿಲ್ಲ. ನಾನು ಬೆಂಗಳೂರಿನಲ್ಲಿ ಅಷ್ಟು ದೀಪ ಹಚ್ಚಿ, ಅಷ್ಟು ಮಾತಾಡಿ ಮಾಡಲಾಗದ್ದನ್ನು 'ಇಡು, ಬಿಡು' ಇಷ್ಟರಲ್ಲೇ ಮಾಡುತ್ತಿದ್ದರು. ಒಬ್ಬನೂ ಸಿಳ್ಳೆ ಹಾಕಲಿಲ್ಲ.

ನನಗೆ ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು ಓಡಿಹೋಗಿ ಅವರ ಎಡಗಡೆ ನಿಂತು ಹೆಜ್ಜೆ ಹಾಕಿದೆ. ಪ್ರಾಯಶ್ಚಿತ್ತ ಎಂದುಕೊಂಡೆನೋ, ಮತ್ತೆ ಚಪ್ಪಾಳೆಯ ಆಸೆಯೋ, ನನಗೇ ತಿಳಿಯದು. ಕಾಕಾ ನನ್ನ ಕಡೆ ತಿರುಗಲೂ ಇಲ್ಲ. ತಾಳ ತಪ್ಪಿಸದೆ, ನನಗಷ್ಟೇ ಕೇಳುವಂತೆ ಅಂದರು: "ಅದು ನಿನ್ನ ಜಾಗ ಅಲ್ಲ. ಹಿಂದ ನಿಂದರ."

ಹಿಂದೆ ನಿಂತೆ. ಮೇಳದ ಇಬ್ಬರು ಮೂವರು ಮುದುಕರೂ ಬಂದು ನನ್ನ ಹಿಂದೆ ನಿಂತರು. ಉಳಿದವರು ಮುಖಂಡನ ಜೊತೆ ಬದಿಯಿಂದ ದಾಟಿಕೊಂಡು ಹಳ್ಳಕ್ಕೆ ಹೋದರು. ಸಂಜೆ ಕಟ್ಟೆಯ ಮೇಲೆ ಅದೇ ಗಂಡಸರು, ಕಾಕಾರ ಮೈಮೇಲೆ ದೇವರು ಬಂದಿತ್ತು, ಅದಕ್ಕೇ ಯಾರೂ ತಡೆಯಲಿಲ್ಲ ಎಂದು ಮಾತಾಡಿಕೊಂಡರು. ಕಂಡದ್ದನ್ನು ಕಂಡೆ ಎನ್ನುವ ದಮ್ಮು ಒಬ್ಬನಿಗೂ ಇರಲಿಲ್ಲ. ಥೂ.

ಮರುವರ್ಷದ ಹೊತ್ತಿಗೆ ಕಾಕಾರ ಎದೆಯಲ್ಲಿ ಹತ್ತಿ ತುಂಬಿಕೊಂಡಿತ್ತು. ಈ ಕಸುಬಿನವರಿಗೆ ಬರುವ ಕೆಮ್ಮು. ಗದಗದ ದವಾಖಾನೆಯಲ್ಲಿ ನೋಡಲು ಹೋದಾಗ, ನಿಮ್ಮ ಬಗ್ಗೆ ಬರೆಯಲೇ ಎಂದು ಕೇಳಿದೆ.

"ಈಗ ಕೇಳ್ತಿ" ಎಂದರು. ಸ್ವಲ್ಪ ಹೊತ್ತು ಕೆಮ್ಮಿದರು. "ಬರಿ. ಹೆಸರ ಬ್ಯಾಡ. ನಂದೂ ಬ್ಯಾಡ, ಅವಂದೂ ಬ್ಯಾಡ. ಬರದ ಮ್ಯಾಲ ಮೊದಲ ನನಗ ಓದಿ ಹೇಳು. ನಾ ಹೂಂ ಅಂದ್ರ ಮಂದಿಗೆ ಕೊಡು."

ಅದಾದ ಮೇಲೆ ಅವರು ಮೂರು ತಿಂಗಳು ಬದುಕಿದ್ದರು. ಮೂರು ತಿಂಗಳು ನಾನು ಏನು ಮಾಡುತ್ತಿದ್ದೆ? ಅದೇ ಕುಣಿತವನ್ನು ಹೊತ್ತುಕೊಂಡು ಊರೂರು ತಿರುಗುತ್ತಿದ್ದೆ. ಬಾಯಿ ಮುಚ್ಚಿಕೊಂಡು ಕುಣಿಯುತ್ತಿದ್ದೆ, ಅಷ್ಟೇ ವ್ಯತ್ಯಾಸ. ನಾಲ್ಕು ಪುಟ ಬರೆಯಲು ಪುರುಸೊತ್ತಾಗಲಿಲ್ಲ. ಮಣ್ಣಿಗೆ ಹೋದೆ. ಜನಾಜಾಕ್ಕೆ ಎಲ್ಲರಿಗಿಂತ ಮೊದಲು ಹೆಗಲು ಕೊಟ್ಟವನು ಮೊಬೈಲ್ ಅಂಗಡಿಯವನು, ಅಳುತ್ತಿದ್ದ ಬೇರೆ. ಆದರೆ ಅವನನ್ನು ಅನ್ನಲು ನನಗೆ ಯಾವ ಬಾಯಿ ಇತ್ತು?

ಗಂಡ ತೀರಿದ ಮೇಲೆ ಹೆಂಡತಿ ಮನೆಯೊಳಗೇ ಇರಬೇಕಾದ ಇದ್ದತ್ತು, ಕಾಕುವಿನ ಆ ನಾಲ್ಕು ತಿಂಗಳು ಹತ್ತು ದಿನ ಕಳೆದ ಮೇಲೆ, ಇದನ್ನೆಲ್ಲ ಬರೆದುಕೊಂಡು ಅವರ ಮನೆಗೆ ಹೋದೆ. ಕಾಕಾರಿಗಂತೂ ಓದಿ ಹೇಳಲಾಗಲಿಲ್ಲ, ನೀವಾದರೂ ಕೇಳಿ ಎಂದೆ. ಮೊದಲ ಸಾಲಿನಿಂದ ಜನಾಜಾದವರೆಗೆ ಓದಿದೆ. ಕಾಕು ದಿಂಬಿನ ಗಲೀಫಿಗೆ ಹೊಲಿಗೆ ಹಾಕುತ್ತ ಕೇಳಿದರು. ಎಲ್ಲಿಯೂ ತಡೆಯಲಿಲ್ಲ. ಮುಗಿದ ಮೇಲೆ ದಾರ ಕಡಿದು ಕೇಳಿದರು:

"ಇದರಾಗ ನಾ ಎಲ್ಲದೀನಿ?"

ಚಹಾ ತಂದಿಟ್ಟದ್ದನ್ನು ತೋರಿಸಲೇ? ಒಳಗೆ ಹೊಲಿಯುತ್ತ ಕುಳಿತದ್ದನ್ನು? ನಾನು ಹಾಳೆ ಮಡಿಚಿದೆ.

"ಅಂವ ಸತ್ತ ಸುದ್ದಿ ನಿಮ್ಮ ಕಾಕಾಗ ಹೇಳಿದಾಕಿ ನಾ. ಯಾರಿಗೂ ಧೈರ್ಯ ಆಗಿರಲಿಲ್ಲ" ಎಂದರು. ದನಿಯಲ್ಲಿ ಏರಿಳಿತವಿರಲಿಲ್ಲ. "ಮೂರ ದಿನ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು. ಕೂಸಿಗೆ ತಿನಿಸಿದಂಗ ತಿನಿಸೀನಿ. ಜಕ್ಕಲಿಗೆ ಹೋಗಿ ಅವನ ಹೇಣ್ತಿ ಜೋಡಿ ಕುಂತು ಅತ್ತಾಕಿನೂ ನಾ. ಇಬ್ಬರೂ ಕುಂತು ಅತ್ವಿ. ನಿನ್ನ ಮಾತು ಊರ ತುಂಬ ಆದಾಗ, ನೀರಿಗೆ ಹೋದ್ರ ನನ್ನ ನೋಡಿ ನಕ್ರು ಎಲ್ಲಾರೂ. ಕಾಕಾನ ಹತ್ರ ತಪ್ಪಾತ್ರಿ ಅಂದಿ. ನನಗಂದ್ಯೇನು?"

"ಇಲ್ರಿ" ಎಂದೆ.

"ಗಂಡಸ್ರು ಗಂಡಸ್ರು ಕುಣದ್ರಿ. ಗಂಡಸ್ರು ಗಂಡಸ್ರು ಜಗಳಾಡಿದ್ರಿ. ಈಗ ಬರಕೊಂಡೂ ಬಂದಿ." ಮತ್ತೆ ದಾರ ಪೋಣಿಸಿದರು. "ಬರದದ್ದು ಚಲೋ ಐತಿ. ಕೊಡೂದಿದ್ರ ಕೊಡು. ಅವರು ಕೇಳಿದ್ರ ಹೂಂ ಅಂತಿದ್ರು ಅನಸ್ತೈತಿ."

ಹದಿನಾರನೇ ವಯಸ್ಸಿನಿಂದ ಆ ಮನೆಯ ರೊಟ್ಟಿ ತಿಂದಿದ್ದೇನೆ. ಕಾಕು, ಚಾ ಕೊಡ್ರಿ, ಕಾಕು, ಬರ್ತೀನ್ರಿ, ಇದಕ್ಕಿಂತ ಹೆಚ್ಚು ಅವರೊಡನೆ ಮಾತಾಡಿದ ನೆನಪಿಲ್ಲ. ಗಂಡಸುತನದ ಬಗ್ಗೆ ದೊಡ್ಡ ದೊಡ್ಡ ವೇದಿಕೆಗಳಲ್ಲಿ ಕುಣಿದು ಬಂದವನಿಗೆ ಎದುರು ಕುಳಿತ ಹೆಂಗಸಿನ ಹೆಸರು ಗೊತ್ತಿರಲಿಲ್ಲ. ನನ್ನ ಮೈಮೇಲೆ ನನಗೇ ಹೇಸಿಗೆ ಹರಿದಂತಾಯಿತು.

"ಕಾಕು, ನಿಮ್ಮ ಹೆಸರೇನ್ರಿ?" ಎಂದು ಕೇಳಿದೆ.

ಅವರು ಹೊಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. "ಬರ್ಕೊಳ್ಳಾಕ ಏನು?"

"ಅಲ್ರಿ. ಸುಮ್ನ ಕೇಳಿದೆ."

ಹೇಳಿದರು. ಬರೆಯಬೇಡ ಎಂದೂ ಹೇಳಿದರು. ಬರೆದಿಲ್ಲ.